ಪರಿಹಾರವೆಂಬ ಮಾತು

ಸಂಜೆಯ ಪ್ರದೇಶ ಸಮಾಚಾರವನ್ನು ಕೇಳುವ ಅಭ್ಯಾಸ ನಿಮ್ಮಲ್ಲಿ ಅನೇಕರಿಗುಂಟು. ಮಳೆಗಾಲದ ದಿನಗಳಲ್ಲಿ ಆ ಸಮಾಚಾರದೊಳಗೆ ಒಂದು ವಾಕ್ಯ ತಪ್ಪದೆ ಬರುತ್ತದೆ: ಅತಿವೃಷ್ಟಿಯಿಂದ ಬೆಳೆ ಕಳೆದುಕೊಂಡ ರೈತರಿಗೆ ಪರಿಹಾರ ನೀಡಲು ಸರ್ಕಾರ ಕ್ರಮ ಕೈಗೊಂಡಿದೆ. ಪಟ್ಟಣದ ಮನೆಯಲ್ಲಿ ಆ ವಾಕ್ಯ ಬಂದಷ್ಟೇ ಬೇಗ ಹೋಗುತ್ತದೆ. ಅದರ ಹಿಂದೆಯೇ ಆಟೋಟದ ಸುದ್ದಿ ಬರುತ್ತದೆಯಷ್ಟೆ. ನನ್ನ ಊರು ಕೊಪ್ಪ ತಾಲ್ಲೂಕಿನ ಭಂಡಿಗಡಿ. ಅಲ್ಲಿ ಅದೇ ವಾಕ್ಯ ಕೇಳಿದಾಗ ಜಗಲಿಯ ಮೇಲಿದ್ದವರು ಮಾತು ನಿಲ್ಲಿಸುತ್ತಾರೆ. ಎಷ್ಟಂತೆ, ಯಾರಿಗಂತೆ, ಅಡಕೆಗೂ ಉಂಟಂತೆಯೊ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ.

ನಾನು ಕನ್ನಡ ಹೇಳಿಕೊಡುವ ಮೇಷ್ಟರು. ಲೆಕ್ಕದ ಸಂಗತಿ ನನ್ನ ಪಾಲಿಗೆ ಬಂದುದಲ್ಲ. ಆದರೆ 'ಪರಿಹಾರ' ಎಂಬ ಮಾತು ನನ್ನ ಕ್ಷೇತ್ರಕ್ಕೆ ಸೇರಿದ್ದು. ಅದರ ಬೆನ್ನು ಹತ್ತಿ ಹೋದರೆ ರೈತನಿಗೂ ದೊರೆಗೂ ಕಷ್ಟಕಾಲದಲ್ಲಿ ನಡೆದ ವ್ಯವಹಾರದ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನಮ್ಮ ಶಾಸನಗಳನ್ನು ಓದಿದವರಿಗೆ 'ಸರ್ವಬಾಧಾಪರಿಹಾರ' ಎಂಬ ಮಾತು ಹಳೆಯ ನೆಂಟ. ದೊರೆ ಭೂಮಿಯನ್ನು ದಾನ ಕೊಡುವಾಗ ಅದನ್ನು ಎಲ್ಲ ಬಾಧೆಗಳಿಂದ ಬಿಡಿಸಿ ಕೊಟ್ಟೆನೆಂದು ಬರೆಸುತ್ತಿದ್ದ. ಬಾಧೆಯೆಂದರೆ ಏನೆಂದುಕೊಂಡಿರಿ? ರೋಗವಲ್ಲ, ಹುಳುವಲ್ಲ, ತೆರಿಗೆ, ಬಿಟ್ಟಿ, ಅಧಿಕಾರಿಗಳ ಊಟೋಪಚಾರ. ಹೂವಿನಹಡಗಲಿಯ ಬಳಿಯ ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನದಲ್ಲಿ ಇಂಥ ವಿನಾಯಿತಿಗಳ ಹದಿನೆಂಟು ಬಗೆಗಳ ಮಾತೇ ಬರುತ್ತದೆ. ಹಾಗಾಗಿ ಪರಿಹಾರವೆಂದರೆ ಮೂಲದಲ್ಲಿ ಕೊಡುವುದಲ್ಲ, ತೆಗೆದುಕೊಳ್ಳದೆ ಬಿಡುವುದು. ಕೌಟಿಲ್ಯ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತಾನೆ. ಅವನ ಅರ್ಥಶಾಸ್ತ್ರ ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ಹೊಸ ನೆಲಕ್ಕೆ ರೈತರನ್ನು ಕೂಡಿಸುವ ಪ್ರಕರಣದಲ್ಲಿ ಅನುಗ್ರಹ, ಪರಿಹಾರ ಎಂಬ ಎರಡು ಬೇರೆ ಬೇರೆ ಮಾತುಗಳಿವೆ. ಧಾನ್ಯ, ದನ, ಹಣ ಕೊಟ್ಟು ಕೈ ಹಿಡಿಯುವುದು ಅನುಗ್ರಹ. ರೈತ ಅದನ್ನು ಅನುಕೂಲವಾದಾಗ ಹಿಂದಿರುಗಿಸಬೇಕು. ತೆರಿಗೆ ಬಿಡುವುದು ಪರಿಹಾರ. ಎರಡೂ ಬೊಕ್ಕಸವನ್ನು ಬೆಳೆಸುವಂತಿರಬೇಕು, ಬರಿದು ಮಾಡುವಂತಿರಬಾರದು ಎಂದು ಅವನ ಎಚ್ಚರಿಕೆ. ಹಣಕಾಸಿನ ಇಲಾಖೆಯವರು ಅಂದಿಗೂ ಇಂದಿಗೂ ಒಂದೇ ಗೋತ್ರದವರು ಎಂದು ನನಗೆ ಅನ್ನಿಸುವುದುಂಟು.

ಇಂದು ನಾವು ಪರಿಹಾರ ಎನ್ನುವುದು ಕೌಟಿಲ್ಯನ ಲೆಕ್ಕದಲ್ಲಿ ಅನುಗ್ರಹದ ಕಡೆಗೆ ಸೇರಬೇಕಾದದ್ದು. ಮಾತು ಹೀಗೆ ಪಕ್ಷ ಬದಲಿಸಿದ್ದು ಹೇಗೆ? ಒಂದೇ ದಿನದಲ್ಲಲ್ಲ. ನಮ್ಮ ಮಲೆನಾಡಿನ ಕಡೆಯಿಂದಲೇ ನೋಡೋಣ.

ನಮ್ಮ ಸೀಮೆ ಕೆಳದಿಯ ಅರಸರ ಆಳ್ವಿಕೆಯಲ್ಲಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ 'ಶಿಸ್ತು' ಇಂದಿಗೂ ಗಾದೆಯಾಗಿ ಉಳಿದಿದೆ. ನೆಲವನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿ, ಪ್ರತಿಯೊಂದು ತರಗತಿಯ ಗದ್ದೆಯಲ್ಲಿ ಸರ್ಕಾರದ ಖರ್ಚಿನಲ್ಲೇ ಹಲವು ವರ್ಷ ಸತತವಾಗಿ ಬೆಳೆ ತೆಗೆಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು ಎಲ್ಲವನ್ನೂ ಬರೆದಿಟ್ಟು, ಸರಾಸರಿ ಹಿಡಿದು ಕಂದಾಯ ಕಟ್ಟಿದನು. ಅಡಕೆ ತೋಟಕ್ಕೆ ಸಾವಿರ ಮರಕ್ಕಿಷ್ಟೆಂದು ದರ. ನ್ಯಾಯವಾದ ಕ್ರಮವೆಂದು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಸರಾಸರಿಯ ಒಳಗೊಂದು ಸೂಕ್ಷ್ಮವಿದೆ. ಒಳ್ಳೆಯ ವರ್ಷವೂ ಕೆಟ್ಟ ವರ್ಷವೂ ಸೇರಿಯೇ ಸರಾಸರಿ ಆದದ್ದರಿಂದ ಕೆಟ್ಟ ವರ್ಷ ಬಂದಾಗ, 'ಅದನ್ನು ಆಗಲೇ ಲೆಕ್ಕಕ್ಕೆ ಹಿಡಿದಾಗಿದೆ' ಎಂದು ಅಧಿಕಾರಿ ಹೇಳಬಹುದು. ಅದು ತಪ್ಪೆನ್ನಲಾಗದು. ಆದರೆ ಮನೆಯ ಅಕ್ಕಿ ಡಬ್ಬಕ್ಕೆ ಸರಾಸರಿ ತಿಳಿಯುವುದಿಲ್ಲವಲ್ಲ!

ಆದುದರಿಂದ ಕಂದಾಯ ಬಿಡುವ ಪದ್ಧತಿ ಬೆಳೆಯಿತು. ಹಳೆಯ ಮೈಸೂರಿನ ಕಾಗದಪತ್ರಗಳಲ್ಲಿ ಇದಕ್ಕೆ 'ವಜಾ' ಎಂದೂ, ಬೊಂಬಾಯಿ ಕರ್ನಾಟಕದಲ್ಲಿ 'ಸೂಟು' ಎಂದೂ ಹೆಸರು. ವಜಾ ಕೊಡುವುದು ಅಧಿಕಾರಿಯ ಕೈಯಲ್ಲಿದ್ದದ್ದು; ಕೊಟ್ಟದ್ದನ್ನು ಮತ್ತೆ ಕೇಳುವುದೂ ಅವರ ಕೈಯಲ್ಲೇ ಇತ್ತು. ನಗರದ ಸೀಮೆಯಲ್ಲಿ ಇದರಿಂದ ಏನಾಯಿತೆಂಬುದು ನಿಮಗೆ ಗೊತ್ತಿರಬಹುದು. ಹಿಂದಿನ ಫೌಜುದಾರ ಬಿಟ್ಟಿದ್ದ ಬಾಕಿಗಳು ಅಕ್ರಮವೆಂದು ಅವನ ಬಳಿಕ ಬಂದ ಫೌಜುದಾರ 1828ರ ಸುಮಾರಿಗೆ ತನಿಖೆ ತೊಡಗಿಸಿ ಹಣ ಮರಳಿ ಎತ್ತಲು ಹೊರಟನು. ಬೇರೆ ಕಾರಣಗಳೂ ಕೂಡಿಕೊಂಡುವು. 1830ರಲ್ಲಿ ರೈತರ ಕೂಟಗಳು ಸೇರಿದುವು, ದಂಗೆಯೆದ್ದಿತು. 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಾಡಳಿತವನ್ನು ಇಂಗ್ಲಿಷರು ತೆಗೆದುಕೊಂಡರು. ಐವತ್ತು ವರ್ಷ ರಾಜ್ಯ ಕೈ ಬದಲಾಯಿಸಿದುದರ ಹಿಂದೆ ಇದ್ದ ಹಲವು ಎಳೆಗಳಲ್ಲಿ ಕೊಟ್ಟು ಹಿಂದಕ್ಕೆ ಕೇಳಿದ ವಜಾ ಕೂಡ ಒಂದು.

ಬಿಡುವುದರಿಂದ ಕೊಡುವುದಕ್ಕೆ ಸರ್ಕಾರ ಬಂದದ್ದು ದೊಡ್ಡ ಬರದಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಿರಿಯರು ಹೇಳುತ್ತಿದ್ದ, 1876ರಿಂದ 1878ರ ಆ ಕ್ಷಾಮವನ್ನು ಲೆಕ್ಕದಲ್ಲಿ ಹೇಳುವುದು ಸುಲಭ, ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ 1881ರಲ್ಲಿ ಎಣಿಸಿದಾಗ 41,86,188. ಹುಟ್ಟಿ ಬೆಳೆದು ಹೆಚ್ಚಬೇಕಾಗಿದ್ದುದನ್ನೂ ಸೇರಿಸಿದರೆ ಕಳೆದುಹೋದವರು ಹತ್ತು ಲಕ್ಷವನ್ನು ಮೀರುತ್ತಾರೆ. ಕೋಲಾರ, ತುಮಕೂರು, ಚಿತ್ರದುರ್ಗದ ಬಯಲು ಹೆಚ್ಚು ಬೆಂದಿತು. ನಮ್ಮ ಮಲೆನಾಡಿಗೆ ಅಷ್ಟು ಪೆಟ್ಟು ಬೀಳಲಿಲ್ಲ.

ಆಗ ಸರ್ಕಾರ ಕೊಟ್ಟಿತು. ಆದರೆ ಕೆಲಸ ಮಾಡಿಸಿ ಕೊಟ್ಟಿತು. ಮಣ್ಣು ಹೊರಬೇಕು, ಕಲ್ಲು ಒಡೆಯಬೇಕು. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ ತಲುಪಿದ ರೈಲುದಾರಿಯ ಮಣ್ಣಿನ ಕೆಲಸದಲ್ಲಿ ಬರಗಾಲದ ಕೂಲಿಗಳ ಬೆವರಿದೆ. ಮದ್ರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬಾತ 1877ರಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆಗೆ ಇಳಿಸಿದನು. ಅಂದರೆ ಸುಮಾರು 450 ಗ್ರಾಂ. ದುಡಿಯುವ ದೇಹಕ್ಕೆ ಇದು ಸಾಲದೆಂದು ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಹಟ ಹಿಡಿದು ವಾದಿಸಿದನು. ಇಷ್ಟು ಕಡಮೆ ಕೂಲಿಯ ಹಿಂದೆ ಒಂದು ತತ್ತ್ವವಿತ್ತು. ನಿಜವಾಗಿ ಹಸಿದವನು ಮಾತ್ರ ಇಷ್ಟಕ್ಕೆ ಮಣ್ಣು ಹೊರಲು ಬರುತ್ತಾನೆ, ಹಸಿಯದವನು ಬರುವುದಿಲ್ಲ. ಆದುದರಿಂದ ಬಂದವನ ಮೈಯೇ ಸಾಕ್ಷಿ. ಈ ಮಾತನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಕೊಡುವ ಕೈ ಅಂದಿನಿಂದ ಇಂದಿನವರೆಗೆ ಮೊದಲು ಕೇಳುತ್ತಿರುವುದು ಒಂದೇ ಪ್ರಶ್ನೆ: ನಿನಗೆ ನಷ್ಟವಾಗಿದೆಯೆಂದು ನಾನು ಹೇಗೆ ನಂಬಲಿ?

ಅದೇ 1876ರಲ್ಲಿ ಇನ್ನೆರಡು ಸಂಗತಿಗಳು ನಡೆದುವು. ಅವು ಬರದ ಗದ್ದಲದಲ್ಲಿ ಯಾರ ಗಮನಕ್ಕೂ ಬಂದಿರಲಾರವು. ಮೈಸೂರಿನ ಕಾಫಿ ತೋಟಗಳಲ್ಲಿ ಮಳೆಗಾಲದ ತೇವಕ್ಕೆ ಎಲೆ ಕೊಳೆಯಿಸುತ್ತಿದ್ದ ಒಂದು ಬೂಷ್ಟಿಗೆ ಕುಕ್ ಎಂಬ ಇಂಗ್ಲಿಷ್ ಶಾಸ್ತ್ರಜ್ಞ 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದು ಹೆಸರಿಟ್ಟನು. ನಮ್ಮ ರೈತರ ಬಾಯಿಯ ಕನ್ನಡ ಮಾತು ಲ್ಯಾಟಿನ್ ಜೊತೆ ಪಂಕ್ತಿಯಲ್ಲಿ ಕುಳಿತಿತು. ಅದೇ ವರ್ಷ ಜರ್ಮನಿಯ ಡಿ ಬಾರಿ ಎಂಬ ಪಂಡಿತ, 1845ರಿಂದ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಯಿಸಿ ಆ ದೇಶವನ್ನು ಕ್ಷಾಮಕ್ಕೆ ದೂಡಿದ್ದ ರೋಗಕಾರಕದ ಕುಲಕ್ಕೆ 'ಫೈಟಾಫ್ತೊರ' ಎಂದು ನಾಮಕರಣ ಮಾಡಿದನು. ಗಿಡಗಳ ನಾಶಕ ಎಂದು ಅದರ ಅರ್ಥ. ನಮ್ಮ ಅಡಕೆಯ ಕೊಳೆರೋಗ ತರುವುದು ಅದೇ ಕುಲದ ಇನ್ನೊಂದು ಸಂತಾನ. ಬಯಲು ಮಳೆಯಿಲ್ಲದೆ ಸಾಯುತ್ತಿದ್ದ ವರ್ಷದಲ್ಲೇ ಮಳೆ ಹೆಚ್ಚಾಗಿ ಬರುವ ರೋಗಗಳಿಗೆ ಹೆಸರು ಬಂತು. ಆದರೆ ಸರ್ಕಾರದ ಶಾಸನಗಳು ಹುಟ್ಟಿದುದು ಬಯಲಿನ ಸಂಕಟದಿಂದ. 1880ರ ಕ್ಷಾಮ ಆಯೋಗ, ಅದರ ಬೆನ್ನಿಗೆ ಬಂದ ಕ್ಷಾಮ ಸಂಹಿತೆಗಳು, ಎಲ್ಲವೂ ಮಳೆ ಬಾರದ ವರ್ಷಕ್ಕಾಗಿ ಬರೆದುವು. 1881ರಲ್ಲಿ ರಾಜ್ಯ ಮರಳಿ ಚಾಮರಾಜ ಒಡೆಯರ ಕೈಗೆ ಬರುವಾಗ ಮೈಸೂರಿನ ತಲೆಯ ಮೇಲೆ ಕ್ಷಾಮದ ಸಾಲ 80 ಲಕ್ಷ ರೂಪಾಯಿ ಇತ್ತು. ಬರವನ್ನು ಯಾವ ದಿವಾನರೂ ಮರೆಯುವಂತಿರಲಿಲ್ಲ.

ಆಯೋಗದ ಬಳಿಕ ಬಂದುದು ತಕಾವಿ. ಬ್ರಿಟಿಷ್ ಇಂಡಿಯದಲ್ಲಿ 1883, 1884ರ ಎರಡು ಕಾಯಿದೆಗಳಿಂದ ಬಾವಿಗೆ, ಬೀಜಕ್ಕೆ, ಎತ್ತಿಗೆ ಸರ್ಕಾರವೇ ಸಾಲ ಕೊಡುವ ಏರ್ಪಾಡಾಯಿತು. ಮೈಸೂರೂ ಇಂಥ ಸಾಲ ಕೊಟ್ಟಿತು. ತಕಾವಿ ಅರಬಿಯಿಂದ ಬಂದ ಮಾತು, ಬಲ ಕೊಡುವುದು ಎಂದರ್ಥ. ಇದು ಕೌಟಿಲ್ಯನ ಅನುಗ್ರಹವೇ, ಸಂದೇಹವಿಲ್ಲ; ಆದರೆ 'ಅನುಕೂಲವಾದಾಗ' ಎಂಬ ಮಾತೊಂದನ್ನು ಬಿಟ್ಟು!

ಬೊಂಬಾಯಿ ಪ್ರಾಂತದಲ್ಲಿ ನಷ್ಟವನ್ನು ಅಳೆಯಲು ಆಣೆವಾರಿ ಎಂಬ ಪದ್ಧತಿಯಿತ್ತು. ತುಂಬು ಬೆಳೆ ಹದಿನಾರಾಣೆ. ನಾಲ್ಕಾಣೆಗಿಂತ ಕಡಮೆಯಾದರೆ ಆ ವರ್ಷ ಕಂದಾಯ ವಸೂಲಿ ನಿಲ್ಲಬೇಕು. ಎಷ್ಟಾಣೆ ಎಂದು ಹೇಳುವುದು ಯಾರು? ಅಧಿಕಾರಿಯ ಕಣ್ಣು. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಗಾಂಧೀಜಿ ಮತ್ತು ವಲ್ಲಭಭಾಯಿ ಪಟೇಲರು ನಡೆಸಿದ ಸತ್ಯಾಗ್ರಹದ ಬುಡದಲ್ಲಿದ್ದುದು ಈ ನಾಲ್ಕಾಣೆಯ ಜಗಳವೇ. ಸರ್ಕಾರ ನಾಲ್ಕಾಣೆ ಮೀರಿದೆಯೆಂದಿತು, ಗಾಂಧೀಜಿಯವರು ಊರೂರು ತಿರುಗಿ ವಿಚಾರಿಸಿ ಇಲ್ಲವೆಂದರು. ನಮ್ಮ ಉತ್ತರ ಕನ್ನಡದ ಸಿರಸಿ, ಸಿದ್ದಾಪುರಗಳಲ್ಲಿ 1930ರ ದಶಕದ ಆದಿಯಲ್ಲಿ ನಡೆದ ಕರನಿರಾಕರಣೆಯಲ್ಲೂ ಸ್ವಾತಂತ್ರ್ಯದ ಹಂಬಲದ ಜೊತೆಗೆ ಬೆಳೆ, ಬೆಲೆಗಳ ಸಂಕಟ ಸೇರಿತ್ತು. ಅದಕ್ಕಾಗಿ ಅಲ್ಲಿನವರು ತೋಟ ಗದ್ದೆಗಳನ್ನೇ ಕಳೆದುಕೊಂಡರು.

ಇನ್ನು ಕೊಳೆರೋಗದ ಕಡೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸುವುದಕ್ಕೆ ನಿಮ್ಮ ಅಪ್ಪಣೆಯಿರಲಿ, ಏಕೆಂದರೆ ಮೈಸೂರು ಸರ್ಕಾರ ಮಲೆನಾಡಿನ ರೈತನಿಗೆ ಕೊಟ್ಟ ಅತ್ಯುತ್ತಮ ಪರಿಹಾರ ಹಣದ ರೂಪದಲ್ಲಿರಲಿಲ್ಲವೆಂದು ನಾನು ನಂಬಿದ್ದೇನೆ.

ಪುನರ್ವಸು, ಪುಷ್ಯ ಮಳೆಗಳು ಬಿಡದೆ ಹೊಯ್ಯುವಾಗ, ನಡುನಡುವೆ ಒಂದಿಷ್ಟು ಬಿಸಿಲು ಬಿದ್ದರೆ, ಎಳೆಯ ಅಡಕೆಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಲೆ ಏಳುತ್ತದೆ. ಅದು ಹರಡಿ ಬಿಳಿಯ ಬೂಷ್ಟು ಕಟ್ಟಿ ಕಾಯಿ ಉದುರುತ್ತದೆ. ಬೆಳಿಗ್ಗೆ ತೋಟಕ್ಕೆ ಹೋದರೆ ಕಾಲಿಟ್ಟಲ್ಲೆಲ್ಲ ಕಾಯಿ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು: ಮಳೆ ಹಿಡಿಯುವ ಮೊದಲೇ ಕೊನೆಗಾರ ಮರ ಹತ್ತಿ ಒಂದೊಂದು ಕೊನೆಗೂ ಹಾಳೆಯ ಕೊಡೆ ಕಟ್ಟಬೇಕು. ಕೊನೆಗೆ ಮಳೆ ತಗುಲದಿದ್ದರೆ ಕೊಳೆ ತಗುಲದು ಎಂಬ ತಿಳಿವಳಿಕೆ ಸರಿಯಾದದ್ದೇ. ಆದರೆ ತೋಟವೆಲ್ಲ ಕೊಟ್ಟೆ ಕಟ್ಟಿ ಮುಗಿಸುವಷ್ಟು ಜನ ಯಾರ ಮನೆಯಲ್ಲಿದ್ದರು?

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ತರುಣ ಮೈಸೂರಿನ ಸೇವೆಗೆ ಬಂದರು. ಕೀಟಗಳ, ಬೂಷ್ಟುಗಳ ಶಾಸ್ತ್ರ ಅವರದು. ಮಲೆನಾಡಿಗೆ ಬಂದು ಕೊಳೆರೋಗವನ್ನು ಪರೀಕ್ಷಿಸಿ, ಅದನ್ನು ತರುವ ಜೀವಿಯನ್ನು ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಕಂಡುಹಿಡಿದಿದ್ದ ಮದ್ದನ್ನೇ ಅಡಕೆಗೆ ಹೊಡೆಯಬಹುದೆಂದು ತೋರಿಸಿಕೊಟ್ಟರು. ಮೈಲುತುತ್ತ, ಸುಣ್ಣ, ನೀರು, ಇಷ್ಟೇ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನದ ಮೇಲೆ ಹೊಳವು ನೋಡಿ ಇನ್ನೊಮ್ಮೆ. ಕೋಲ್ಮನ್ ಮುಂದೆ ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾದರು. ನೂರು ವರ್ಷ ದಾಟಿದರೂ ನಮ್ಮ ತೋಟಗಳಲ್ಲಿ 'ಔಷಧಿ ಹೊಡೆಯುವುದು' ಎಂದರೆ ಇಂದಿಗೂ ಇದೇ. ನನ್ನ ತಂದೆಯವರು ಬೋರ್ಡೊ ಎಂಬ ಊರಿನ ಹೆಸರು ಕೇಳಿದವರಲ್ಲ. ಆದರೆ ಹದ ನೋಡಲು ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ, ಅದಕ್ಕೆ ತಾಮ್ರದ ಬಣ್ಣ ಹತ್ತಿದರೆ ಇನ್ನೂ ಸುಣ್ಣ ಬೇಕೆಂದು ಹೇಳುತ್ತಿದ್ದರು. ಸರ್ಕಾರ ಕೊಟ್ಟ ತಿಳಿವು ಹೀಗೆ ಮನೆಯ ತಿಳಿವಾಯಿತು. ಇದಕ್ಕೆ ಅರ್ಜಿ ಬೇಡ, ಪಹಣಿ ಬೇಡ.

ಪಹಣಿಯ ಮಾತು ಬಂತು. ನೆರವು ಯಾವ ರೂಪದಲ್ಲಿ ಬಂದರೂ ಅದು ಕಾಗದದಲ್ಲಿ ಹೆಸರಿದ್ದವನ ಮನೆಗೆ ಹೋಯಿತು. ಕಂದಾಯ ಬಿಟ್ಟರೆ ಲಾಭ ಭೂಮಾಲಿಕನಿಗೆ. ಗೇಣಿಗೆ ಮಾಡುತ್ತಿದ್ದವನ ಗೇಣಿ ಇಳಿಯಲೇಬೇಕೆಂದಿರಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನ ಹೆಸರು ಪಹಣಿಗೆ ಬಂದಿತೆಂಬುದು ಈ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಆದರೂ ಎಲ್ಲರ ಹೆಸರೂ ಬಂದಿಲ್ಲ. ತಾತನ ಹೆಸರಿನಲ್ಲೇ ಉಳಿದ ಖಾತೆ, ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಖಾತೆ, ಸಾಗುವಳಿ ಸಕ್ರಮಕ್ಕಾಗಿ ನಮೂನೆ 50, 53, 57 ಎಂದು ಒಂದಾದ ಮೇಲೊಂದು ಅರ್ಜಿ ಹಾಕಿ ಕಾಯುತ್ತಿರುವವರು: ಇವರ ತೋಟದಲ್ಲೂ ಮಳೆ ಅಷ್ಟೇ ಬೀಳುತ್ತದೆ.

ಸ್ವಾತಂತ್ರ್ಯದ ಬಳಿಕ ಕಂದಾಯ ಹೆಸರಿಗೆ ಮಾತ್ರ ಉಳಿಯಿತು. ಎಕರೆಗೆ ಬಿಡಿಕಾಸು ಕಂದಾಯ ಕಟ್ಟುವವನಿಗೆ ಅದನ್ನು ಬಿಟ್ಟರೆಷ್ಟು, ಬಿಡದಿದ್ದರೆಷ್ಟು? ಹಾಗಾಗಿ ತೆಗೆದುಕೊಳ್ಳದೆ ಬಿಡುವ ಪರಿಹಾರ ಬಲ ಕಳೆದುಕೊಂಡು, ಕೈಗೆ ಕೊಡುವ ಪರಿಹಾರ ಅದರ ಜಾಗಕ್ಕೆ ಬಂದಿತು. ಒಂಬತ್ತನೆಯ ಹಣಕಾಸು ಆಯೋಗದ ಸಲಹೆಯಂತೆ 1990ರಿಂದ ಪ್ರತಿ ರಾಜ್ಯಕ್ಕೂ ವಿಪತ್ತು ಪರಿಹಾರ ನಿಧಿ ಏರ್ಪಟ್ಟಿತು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದು, 2010ರಿಂದ ಅದೇ ನಿಧಿ ರಾಜ್ಯ ವಿಪತ್ತು ಸ್ಪಂದನ ನಿಧಿಯಾಯಿತು. ನಮ್ಮಂಥ ರಾಜ್ಯಗಳಲ್ಲಿ ಅದರ ನೂರಕ್ಕೆ 75 ಪಾಲು ಕೇಂದ್ರದ್ದು, 25 ರಾಜ್ಯದ್ದು.

ಹಿಂದಿನ ಪಂಡಿತರು ಬೆಳೆಯ ಶತ್ರುಗಳನ್ನು ಆರು ಈತಿಗಳೆಂದು ಎಣಿಸಿದ್ದರು: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಮತ್ತು ತೀರ ಹತ್ತಿರ ಬಂದ ರಾಜರು. ಆರನೆಯದನ್ನು ಸೇರಿಸಿದವನು ಅನುಭವಿ! ಈಗಿನ ಕೇಂದ್ರದ ಪಟ್ಟಿಯಲ್ಲಿ ಹನ್ನೆರಡಿವೆ: ಬರ, ನೆರೆ, ಚಂಡಮಾರುತ, ಭೂಕಂಪ, ಬೆಂಕಿ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟಬಾಧೆ, ಚಳಿಗಾಳಿ. ರಾಜರನ್ನು ಬಿಟ್ಟಿದ್ದಾರೆ.

ಎಷ್ಟು ಕೊಡುತ್ತಾರೆ? 2015ಕ್ಕೆ ಮುಂಚೆ ಬೆಳೆ ಅರ್ಧಕ್ಕರ್ಧ ಹೋದರೆ ಮಾತ್ರ ನೆರವು; ಆ ವರ್ಷದಿಂದ ನೂರಕ್ಕೆ 33 ಹೋದರೂ ಉಂಟೆಂದಾಯಿತು. ಆಗ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ. 2022ರ ಪರಿಷ್ಕರಣೆಯಲ್ಲಿ ಅದು 22,500 ಆಯಿತು. ಯಾರಿಗೇ ಆಗಲಿ ಎರಡು ಹೆಕ್ಟೇರಿಗೆ ಮಿತಿ. 2019ರ ಆಗಸ್ಟಿನಲ್ಲಿ ಮಲೆನಾಡಿನ ಮೇಲೆ ಆದ ಮಳೆಯನ್ನು ನೀವು ಮರೆತಿರಲಾರಿರಿ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಇಳಿದು ಬಂದಿತು. ಆ ವರ್ಷ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ ಇನ್ನು 10,000 ಸೇರಿಸಿ ತೋಟದ ಬೆಳೆಗೆ 28,000 ಕೊಟ್ಟಿತು. 2021ರ ಡಿಸೆಂಬರಿನಲ್ಲೂ ತೋಟಕ್ಕೆ ಅದೇ 28,000 ಎಂದು ಪ್ರಕಟಿಸಿತು. ಹಣ ಈಗ ನೇರವಾಗಿ ರೈತನ ಬ್ಯಾಂಕಿನ ಖಾತೆಗೆ ಬೀಳುತ್ತದೆ. ನಡುವೆ ಸೋರುವುದು ನಿಂತಿದೆ. ಇದು ದೊಡ್ಡ ಉಪಕಾರವೆಂದು ಒಪ್ಪಲೇಬೇಕು.

ಆದರೆ ಪಟ್ಟಣದಲ್ಲಿರುವ ನಿಮಗೆ ಹೆಕ್ಟೇರು ಎಂದರೆ ಕಣ್ಣಿಗೆ ಕಟ್ಟದು. ಮರದ ಲೆಕ್ಕದಲ್ಲಿ ಹೇಳುತ್ತೇನೆ. ಒಂಬತ್ತಡಿ ಅಂತರದಲ್ಲಿ ಅಡಕೆ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರ. 22,500ನ್ನು ಹಂಚಿದರೆ ಮರಕ್ಕೆ 16 ರೂಪಾಯಿ ಚಿಲ್ಲರೆ. 28,000 ಆದರೆ 20 ರೂಪಾಯಿ. ಇದನ್ನು ಕಂಡು ಸರ್ಕಾರವನ್ನು ಬೈಯುವ ಮುನ್ನ ಒಂದು ಮಾತು. ಕೇಂದ್ರದ ಕಾಗದದಲ್ಲಿ ಈ ಹಣಕ್ಕೆ ನಷ್ಟ ತುಂಬಿಕೊಡುವುದೆಂಬ ಹೆಸರೇ ಇಲ್ಲ. ಅಲ್ಲಿ ಅದು 'ಇನ್‌ಪುಟ್ ಸಬ್ಸಿಡಿ'. ಎಂದರೆ ಮುಂದಿನ ಬೇಸಾಯದ ಬೀಜ ಗೊಬ್ಬರಗಳಿಗೆ ಕೈನೀಡುವ ಸಹಾಯ. ಕೌಟಿಲ್ಯನ ಅನುಗ್ರಹ, ತಕಾವಿಯ ತಮ್ಮ. ಹಿಂದಿರುಗಿಸಬೇಕಾಗಿಲ್ಲ ಎಂಬುದಷ್ಟೇ ಭೇದ. ಕನ್ನಡದಲ್ಲಿ ಅದನ್ನು ಪರಿಹಾರ ಎಂದು ಕರೆದವರು ನಾವು. ಪರಿಹಾರ ಎಂದಕೂಡಲೆ ಕಷ್ಟ ತೀರಿತೆಂಬ ಅರ್ಥ ಕೇಳುವವನ ಮನಸ್ಸಿಗೆ ಬರುತ್ತದೆ. ರಾಗಿ ಬೆಳೆಯುವವನಿಗೆ ಮುಂದಿನ ಮಳೆಗೆ ಮುಂದಿನ ಬೇಸಾಯವುಂಟು. ಅವನಿಗೆ ಬೀಜದ ಹಣ ಒಂದಿಷ್ಟಾದರೂ ಒದಗೀತು. ಅಡಕೆಯವನಿಗೆ ಮರ ಬಿದ್ದರೆ ಸಸಿ ನೆಟ್ಟು ಫಲ ಕಾಣಲು ಆರೇಳು ವರ್ಷ. ಬಯಲಿನ ಬರಕ್ಕೆ ಹೊಲಿದ ಅಂಗಿಯನ್ನು ಮಲೆನಾಡಿಗೆ ತೊಡಿಸಿದಂತೆ ಇದು. ತೋಳು ಮೇಲೆ ನಿಲ್ಲುತ್ತದೆ.

ನಷ್ಟಕ್ಕೆ ಸಾಕ್ಷಿ ಕೇಳುವ ಪ್ರಶ್ನೆಯೂ ಹೊಸ ವೇಷ ತೊಟ್ಟಿದೆ. ಹವಾಮಾನ ಆಧಾರಿತ ಬೆಳೆ ವಿಮೆ ಎಂಬುದೊಂದುಂಟು, ನೆರವಲ್ಲ, ವಿಮೆ. ಅಡಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತನ ಕಂತು 6,400. ಇಲ್ಲಿ ಬೆಳೆಯನ್ನು ಯಾರೂ ನೋಡಲು ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪನ ಯಂತ್ರ ಏನು ಹೇಳಿತೊ ಅದೇ ಸಾಕ್ಷಿ. ಅಧಿಕಾರಿಯ ದಾಕ್ಷಿಣ್ಯ, ದ್ವೇಷ ಎರಡೂ ಇಲ್ಲದ ಈ ಕ್ರಮವನ್ನು ನಾನು ಮೆಚ್ಚುತ್ತೇನೆ. ಆದರೆ ಶೃಂಗೇರಿಯಿಂದ ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ ಮಳೆ ಸ್ಪಷ್ಟವಾಗಿ ಇಳಿಯುವ ಸೀಮೆ ನಮ್ಮದು. ಒಂದೇ ಪಂಚಾಯಿತಿಯೊಳಗೆ ಗುಡ್ಡದ ಆಚೆಗೊಂದು ಮಳೆ, ಈಚೆಗೊಂದು ಮಳೆ.

ಇದೆಲ್ಲ ಇದ್ದರೂ ಕೊಳೆರೋಗಕ್ಕೆ ಮಳೆಯೆಂಬ ಕಾರಣವನ್ನಾದರೂ ತೋರಿಸಬಹುದು. ತೋರಿಸಲು ಏನೂ ಇಲ್ಲದ ಕಷ್ಟವೊಂದಿದೆ: ಹಳದಿ ಎಲೆ ರೋಗ. 1914ರಲ್ಲೇ ಕೇರಳದಲ್ಲಿ ಕಾಣಿಸಿಕೊಂಡ ಈ ರೋಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಕಣಿವೆಗಳಲ್ಲಿ ಬೇರೂರಿದೆ. ಸೋಗೆಯ ತುದಿಯಿಂದ ಹಳದಿ ಏರುತ್ತದೆ, ಬೇರು ಕೊಳೆಯುತ್ತದೆ, ಅಡಕೆಯ ಒಳಗು ಮೆತ್ತಗಾಗಿ ಕಪ್ಪಡರುತ್ತದೆ. ಇದನ್ನು ತರುವುದು ಫೈಟೊಪ್ಲಾಸ್ಮ ಎಂಬ ಕಣ್ಣಿಗೆ ಕಾಣದ ಜೀವಿ, ಹರಡುವುದು ಒಂದು ಸಣ್ಣ ಜಿಗಿಹುಳು. ಅಡಕೆಯ ಸಂಶೋಧನೆಗಾಗಿಯೇ 1956ರಲ್ಲಿ ವಿಟ್ಲದಲ್ಲಿ ಕೇಂದ್ರವೊಂದು ಹುಟ್ಟಿತು. ಅಂದಿನಿಂದ ವಿಜ್ಞಾನಿಗಳು ದುಡಿಯುತ್ತಲೇ ಇದ್ದಾರೆ. ರೋಗ ಗುಣಪಡಿಸುವ ಮದ್ದು ದೊರೆತಿಲ್ಲ. ಕೋಲ್ಮನ್ನರ ಮೈಲುತುತ್ತ ಇದಕ್ಕೆ ನಾಟುವುದಿಲ್ಲ.

ಇದನ್ನು ನೂರಕ್ಕೆ 33ರ ಸೂತ್ರಕ್ಕೆ ಹಿಡಿದು ನೋಡಿ. ಒಂದು ತೋಟದಲ್ಲಿ ಹತ್ತು ಕ್ವಿಂಟಲು ಅಡಕೆ ಆಗುತ್ತಿತ್ತೆನ್ನಿ. ಪ್ರತಿವರ್ಷ ಐದರಲ್ಲೊಂದು ಪಾಲು ಇಳಿದರೆ ಮುಂದಿನ ವರ್ಷ ಎಂಟು, ಆಮೇಲೆ ಆರೂವರೆಗೆ ಹತ್ತಿರ, ಮೂರನೆಯ ವರ್ಷ ಐದು. ಮೂರು ವರ್ಷದಲ್ಲಿ ತೋಟ ಅರ್ಧ ಹೋಯಿತು. ಆದರೆ ಹಿಂದಿನ ವರ್ಷಕ್ಕೆ ಹೋಲಿಸಿದರೆ ಯಾವ ವರ್ಷವೂ ನೂರಕ್ಕೆ 20ಕ್ಕಿಂತ ಹೆಚ್ಚು ನಷ್ಟವಾಗಿಲ್ಲ! 2021-22ರ ರಾಜ್ಯ ಮುಂಗಡಪತ್ರದಲ್ಲಿ ಈ ರೋಗದ ಸಂಶೋಧನೆಗೂ ಬದಲಿ ಬೆಳೆಗೂ 25 ಕೋಟಿ ರೂಪಾಯಿ ಪ್ರಕಟವಾದಾಗ ನಮ್ಮ ಕಡೆ ಜನ ಸಂತೋಷಪಟ್ಟದ್ದು ಮೊತ್ತಕ್ಕಿಂತ ಹೆಚ್ಚಾಗಿ, ರೋಗದ ಹೆಸರು ಸರ್ಕಾರದ ಪುಸ್ತಕಕ್ಕೆ ಹತ್ತಿತಲ್ಲ ಎಂಬುದಕ್ಕೆ.

ಮೇಷ್ಟರ ಮನೆಗೆ ಅರ್ಜಿ ಬರೆಸಲು ಬರುವ ವಾಡಿಕೆ ಹಳ್ಳಿಯಲ್ಲಿ ಇನ್ನೂ ಹೋಗಿಲ್ಲ. ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲೇ, ನಮ್ಮ ಕಡೆಯ ಹಿರಿಯರೊಬ್ಬರು ಜೆರಾಕ್ಸ್ ಅಂಗಡಿಯಲ್ಲಿ ಕೊಂಡ ಒಂದು ನಮೂನೆ ಹಿಡಿದು ಬಂದರು. ಒಂದೂವರೆ ಎಕರೆ ತೋಟ, ಎಲ್ಲ ಹಳದಿ. ಹೆಸರು, ಸರ್ವೆ ನಂಬರು, ವಿಸ್ತೀರ್ಣ ತುಂಬಿದೆವು. ಮುಂದಿನ ಕಾಲಂ 'ನಷ್ಟವಾದ ದಿನಾಂಕ'.

"ಯಾವ ತಾರೀಕು ಹಾಕಲಿ?" ಎಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ನಮ್ಮ ದೊಡ್ಡ ಮಗಳ ಮದುವೆ ಚಪ್ಪರಕ್ಕೆ ಮರ ಕಡಿಸುವಾಗ ನೋಡಿದ್ದು ಮೇಷ್ಟ್ರೇ. ಮೇಲಿನ ಸಾಲಲ್ಲಿ ಎರಡು ಮರಕ್ಕೆ ತುದಿ ಹಳದಿ ಇತ್ತು. ಗೊಬ್ಬರ ಕಮ್ಮಿ ಆಗಿದೆ ಅಂದ್ಕೊಂಡೆ."

ಮಾರನೆಯ ದಿನ ಮದುವೆಯ ಕರೆಯೋಲೆಯನ್ನೇ ಹುಡುಕಿ ತಂದರು. ಹನ್ನೊಂದು ವರ್ಷದ ಹಿಂದಿನದು. ಬೇರೆ ತಾರೀಕು ನನಗೂ ತೋಚಲಿಲ್ಲ, ಅದನ್ನೇ ಬರೆದೆ. ಕೆಲವು ವಾರಗಳ ಮೇಲೆ ಕಚೇರಿಯಿಂದ ಹಿಂಬರಹ ಬಂದಿತು: ಸದರಿ ನಷ್ಟವು ಪ್ರಸಕ್ತ ಸಾಲಿಗೆ ಸಂಬಂಧಿಸಿರುವುದಿಲ್ಲ. ಅವರು ಅದನ್ನು ಓದಿಸಿಕೊಂಡು, ಪಹಣಿಯ ಜೊತೆಗೆ ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡರು. ಮಳೆ ಹೊಳವಾದ ಮೇಲೆ ಮತ್ತೆ ಬಂದು ಇನ್ನೊಂದು ಅರ್ಜಿ ಬರೆಸಿದರು. ಅದು ಕಾಫಿ ಗಿಡಕ್ಕೆ.